ನಾಗಾವಿಯ ಆರು ಮಂದಿ ಭಂಡಾರಿಗರು

ನಮ್ಮ ತೆಂಗಳಿ, ಕಾಳಗಿ ಕಡೆಯ ಜನ ಚಿತ್ತಾಪುರ ದಾಟಿ ನಾಗಾವಿಗೆ ಹೋಗುವುದು ಯಲ್ಲಮ್ಮನ ದರ್ಶನಕ್ಕೆ. ಕಾಯಿ ಒಡೆಸಿ, ಅರವತ್ತು ಕಂಬದ ಗುಡಿಯಲ್ಲಿ ಫೋಟೊ ತೆಗೆಸಿಕೊಂಡರೆ ಮುಗಿಯಿತು.

ಈ ಸಣ್ಣ ಊರು ಒಂದು ಕಾಲಕ್ಕೆ ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯೆಯ ಕೇಂದ್ರ. ಪಕ್ಕದ ಸೇಡಂ ಸೀಮೆಯ ಮಳಖೇಡವನ್ನು ಪರಮಾರರು 972ರಲ್ಲಿ ಲೂಟಿ ಮಾಡಿದ್ದರು. ಅದಾಗಿ ನೂರು ವರ್ಷ ತುಂಬುವ ಮೊದಲೇ, 1058ರಲ್ಲಿ, ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನ ಇಲ್ಲಿ ಗುಡಿ ಕಟ್ಟಿಸಿ, ವೇದ, ಶಾಸ್ತ್ರ ಓದುವವರ ಶಾಲೆಗೆ ಭೂಮಿ ಬಿಟ್ಟ. ಕಂಬಗಳಿಗಿಂತ ನಮಗೆ ದೊಡ್ಡದೆನಿಸುವುದು ಶಾಸನದ ಒಂದು ವಿವರ: ಉಪಾಧ್ಯಾಯರ ಜೊತೆಗೆ ಆರು ಮಂದಿ ‘ಸರಸ್ವತೀ ಭಂಡಾರಿಗರು’, ಪುಸ್ತಕ ಕಾಯುವವರು. ತಾಳೆಗರಿಗೆ ಹುಳು ಬೀಳುತ್ತದೆ, ಅಂಚು ಮುರಿಯುತ್ತದೆ. ಕಾಲಕಾಲಕ್ಕೆ ನಕಲು ಮಾಡಿಸದಿದ್ದರೆ ಓದು ಅಲ್ಲಿಗೇ ನಿಲ್ಲುತ್ತದೆ. ಆರು ಜನ ಬೇಕಾಯಿತೆಂದರೆ ಭಂಡಾರ ಸಣ್ಣದಿರಲಿಕ್ಕಿಲ್ಲ.

ನಿಜಾಮ ಸರ್ಕಾರದ ಪುರಾತತ್ವ ಇಲಾಖೆ 1928ರಲ್ಲಿ ಈ ಶಾಸನಗಳನ್ನು ಅಚ್ಚು ಹಾಕಿಸಿದ್ದರಿಂದ ಇಷ್ಟಾದರೂ ನಮಗೆ ಸಿಕ್ಕಿದೆ. ಈಗ ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಇರುವುದು ಒಬ್ಬರೇ ಮೇಲ್ವಿಚಾರಕರು. ನಾಗಾವಿಗೆ ಹೋದಾಗ ಕಂಬ ಎಣಿಸುವ ಮೊದಲು ಊರವರನ್ನು ಶಾಸನದ ಬಗ್ಗೆ ಕೇಳಿ.