ಬಾಯೊಳಗಿನ ಅಣೆಕಟ್ಟು

ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದವನಿಗೆ ಗೋಡೆಯ ಗಡಿಯಾರವೊಂದನ್ನುಳಿದು ಲೋಕದ ಮತ್ತಾವ ವಿಷಯದಲ್ಲಿಯೂ ಆಸಕ್ತಿ ಇರುವುದಿಲ್ಲ. ತುಟಿಯ ಮೂಲೆಗೆ ಸಿಕ್ಕಿಸಿದ ಕೊಳವೆಯೊಂದು ಗೊರಗೊರನೆ ಎಂಜಲನ್ನು ಹೀರುತ್ತಿರುತ್ತದೆ; ನಾಲಗೆ ಬೇಡವೆಂದ ಕಡೆಗೇ ಹೋಗುತ್ತದೆ; ವೈದ್ಯರು ಹತ್ತಿಯ ಸುರುಳಿಗಳನ್ನು ಕೆನ್ನೆಯೊಳಗೆ ತುರುಕುತ್ತಾರೆ. ಈ ಕೊಳವೆಗೂ ಹತ್ತಿಗೂ ಒಂದು ಚರಿತ್ರೆ ಉಂಟು, ಆ ಚರಿತ್ರೆಯ ಮಗ್ಗುಲಲ್ಲಿ ಒಂದು ಕೊಲೆಯೂ ಉಂಟು ಎಂಬುದು ಆ ಹೊತ್ತಿನಲ್ಲಿ ಯಾರಿಗೂ ಹೊಳೆಯುವಂತಿಲ್ಲ. ನಾನು ಅದನ್ನು ತಿಳಿದದ್ದು ಕುರ್ಚಿಯಲ್ಲಿ ಅಲ್ಲ. ವೈಟ್‌ಫೀಲ್ಡಿನ ಒಂದು ಕಚೇರಿಯಲ್ಲಿ, ಸಂಬಳದ ಕೆಲಸವಾಗಿ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಗಾಜಿನ ಕಟ್ಟಡಗಳಲ್ಲಿ ಕುಳಿತವರೆಲ್ಲರೂ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವರೇ ಎಂದು ನಮ್ಮ ನೆಂಟರಿಷ್ಟರು ನಂಬಿದ್ದಾರೆ. ಹಾಗೇನೂ ಇಲ್ಲ. ಹಳೆಯ ಕಾಗದ ಕೆದಕುವುದನ್ನೇ ವೃತ್ತಿ ಮಾಡಿಕೊಂಡವರೂ ಅಲ್ಲಿದ್ದಾರೆ. ಕೆಲವು ವರ್ಷ ನಾನೂ ಅವರಲ್ಲೊಬ್ಬನಾಗಿದ್ದೆ. ಪರದೇಶದ ವಕೀಲರು ಒಂದು ಪೇಟೆಂಟಿನ ಪ್ರತಿಯನ್ನು ಕಳುಹಿಸುತ್ತಾರೆ. ಇಂಥ ತಾರೀಖಿಗೆ ಮೊದಲೇ ಈ ವಿದ್ಯೆ ಬೇರೆಲ್ಲಾದರೂ ಪ್ರಕಟವಾಗಿತ್ತೇ, ಹುಡುಕಿ ಕೊಡಿ ಎನ್ನುತ್ತಾರೆ. ಕಚೇರಿಯ ಮಾತಿನಲ್ಲಿ ಇದಕ್ಕೆ ‘ಪ್ರಯರ್ ಆರ್ಟ್’ ಎಂದು ಹೆಸರು. ನಾವು ಪೂರ್ವವಿದ್ಯೆ ಎನ್ನೋಣ. ಅದು ಸಿಕ್ಕಿದರೆ ಪೇಟೆಂಟು ಬೀಳಬಹುದು; ಸಿಗದಿದ್ದರೆ 20 ವರ್ಷ ಬೇಲಿ ನಿಲ್ಲುತ್ತದೆ.

ಒಮ್ಮೆ ನನ್ನ ಮೇಜಿಗೆ ಬಂದದ್ದು ದಂತವೈದ್ಯರು ರೋಗಿಯ ಬಾಯಿಗಿಡುವ ಒಂದು ಸಲಕರಣೆ. ಅಮೆರಿಕದ ಥಾಮಸ್ ಹಿರ್ಷ್ ಎಂಬ ದಂತವೈದ್ಯರು ರೂಪಿಸಿ, ಈ ಶತಮಾನದ ಮೊದಲ ವರ್ಷಗಳಲ್ಲಿ ‘ಐಸೊಲೈಟ್’ ಎಂಬ ಹೆಸರಿನಿಂದ ಪೇಟೆಗೆ ಬಂದುದಲ್ಲ, ಆ ಜಾತಿಯದು. ಮೆತ್ತನೆಯ ಒಂದೇ ತುಂಡು. ಬಾಯಿ ಮುಚ್ಚದಂತೆ ದವಡೆಗಳ ನಡುವೆ ಅದು ಆನಿಕೆಯಾಗಿ ನಿಲ್ಲುತ್ತದೆ. ನಾಲಗೆಯನ್ನು ಒಂದು ಕಡೆಗೂ ಕೆನ್ನೆಯನ್ನು ಇನ್ನೊಂದು ಕಡೆಗೂ ತಳ್ಳಿ ಹಿಡಿಯುತ್ತದೆ. ಗಂಟಲಿಗೆ ಏನೂ ಜಾರದಂತೆ ಮರೆಯಾಗುತ್ತದೆ. ಅದರ ಒಡಲಿನ ತೂತುಗಳಿಂದ ಎಂಜಲೂ ನೀರೂ ಹೀರಿಹೋಗುತ್ತವೆ. ಸಾಲದ್ದಕ್ಕೆ ಬೆಳಕನ್ನೂ ಚೆಲ್ಲುತ್ತದೆ. ನಾಲ್ಕು ಕೈಗಳ ಕೆಲಸ ಒಂದಕ್ಕೇ. ಜಾಣತನದ ವಸ್ತು, ಸಂದೇಹವಿಲ್ಲ. ಆದರೆ ಬಿಡಿ ಬಿಡಿಯಾಗಿ ನೋಡಿದರೆ ಇದರಲ್ಲಿ ಹೊಸದು ಯಾವುದು? ಹುಡುಕುತ್ತ ಹಿಂದೆ ಹಿಂದೆ ಹೋದವನು 1864ಕ್ಕೆ ಬಂದು ನಿಂತೆ.

ಆ ಕಾಲದಲ್ಲಿ ಹುಳುಕು ಹಲ್ಲಿಗೆ ಚಿನ್ನದ ತೆಳುಹಾಳೆ ತುಂಬುತ್ತಿದ್ದರು. ಹಾಳೆಯ ಮೇಲೆ ಹಾಳೆಯಿಟ್ಟು ಒತ್ತಿದರೆ ಬೆಂಕಿಯ ಹಂಗಿಲ್ಲದೆ ಚಿನ್ನ ಚಿನ್ನಕ್ಕೆ ಬೆಸೆಯುತ್ತದೆ. ಆದರೆ ನಡುವೆ ಒಂದು ಹನಿ ಎಂಜಲು ಬಿದ್ದರೆ ಎಲ್ಲವೂ ವ್ಯರ್ಥ. ಗಂಟೆಗಟ್ಟಲೆ ಕೆಲಸ, ಬಾಯಿಯೋ ಸದಾ ಒಸರುವ ಬಾವಿ. ನ್ಯೂಯಾರ್ಕ್ ಸೀಮೆಯ ಸ್ಯಾನ್‌ಫರ್ಡ್ ಕ್ರಿಸ್ಟಿ ಬಾರ್ನಮ್ ಎಂಬ ತರುಣ ದಂತವೈದ್ಯ 1864ರ ಮಾರ್ಚ್ 15ರಂದು ಒಬ್ಬ ರೋಗಿಯ ಕೆಳದವಡೆಯ ಹಲ್ಲಿನೊಡನೆ ಹೀಗೆಯೇ ಹೆಣಗುತ್ತಿದ್ದನಂತೆ. ಬೇಸತ್ತು, ಕೈಗೆ ಸಿಕ್ಕ ಎಣ್ಣೆಬಟ್ಟೆಗೆ ಒಂದು ತೂತು ಮಾಡಿ ಹಲ್ಲಿಗೆ ತೊಡಿಸಿಬಿಟ್ಟನೆಂದು ಹೇಳುತ್ತಾರೆ. ಹಲ್ಲು ಮಾತ್ರ ಮೇಲಕ್ಕೆ, ಬಾಯಿಯ ಪ್ರಳಯವೆಲ್ಲ ಕೆಳಕ್ಕೆ! ಬಟ್ಟೆಯ ಜಾಗಕ್ಕೆ ತೆಳುವಾದ ರಬ್ಬರು ಹಾಳೆ ಬಂತು. ಇಂದಿಗೂ ನಮ್ಮ ವೈದ್ಯರು ಬೇರಿನ ಚಿಕಿತ್ಸೆಯಲ್ಲಿ ಬಳಸುವ ‘ರಬ್ಬರ್ ಡ್ಯಾಮ್’ ಅದೇ. ಅಣೆಕಟ್ಟು ಎಂಬ ಹೆಸರು ಎಷ್ಟು ಸಹಜವಾಗಿ ಒಪ್ಪಿದೆ ನೋಡಿ.

ಬಾರ್ನಮ್ ಇದಕ್ಕೆ ಪೇಟೆಂಟು ತೆಗೆಯಲಿಲ್ಲ. ವೃತ್ತಿಬಾಂಧವರ ಮುಂದೆ ತೋರಿಸಿ, ಎಲ್ಲರೂ ಬಳಸಿಕೊಳ್ಳಿರೆಂದು ಕೊಟ್ಟುಬಿಟ್ಟ.

ಅದೇ ವರ್ಷ, ಮೂರು ತಿಂಗಳೂ ತುಂಬುವ ಮೊದಲೇ, ಬಾಯಿಗೆ ಸೇರುವ ಇನ್ನೊಂದು ರಬ್ಬರಿನ ಕಥೆ ಆರಂಭವಾಯಿತು. ಜಾನ್ ಕಮಿಂಗ್ಸ್ ಎಂಬ ದಂತವೈದ್ಯನಿಗೆ ಗಟ್ಟಿ ರಬ್ಬರಿನ ತಳದ ಮೇಲೆ ಕೃತಕ ಹಲ್ಲು ಕೂರಿಸುವುದಕ್ಕೆ ಜೂನ್ ತಿಂಗಳಲ್ಲಿ ಪೇಟೆಂಟು ಸಿಕ್ಕಿತು. ಅದು ಬೋಸ್ಟನ್ನಿನ ಗುಡ್‌ಇಯರ್ ಡೆಂಟಲ್ ವಲ್ಕನೈಟ್ ಕಂಪನಿಯ ಕೈಸೇರಿತು. ಅದುವರೆಗೆ ಹಲ್ಲುಸೆಟ್ಟಿಗೆ ಚಿನ್ನದ ತಳ ಬೇಕು, ಬಡವನಿಗೆ ಬೊಚ್ಚುಬಾಯಿಯೇ ಗತಿ. ರಬ್ಬರು ಬಂದು ಹಲ್ಲು ಅಗ್ಗವಾಯಿತು. ಆದರೆ ಸೆಟ್ಟು ಮಾಡುವ ಪ್ರತಿಯೊಬ್ಬ ವೈದ್ಯನೂ ಕಂಪನಿಗೆ ವರ್ಷ ವರ್ಷ ಲೈಸೆನ್ಸಿನ ಹಣ ತೆರಬೇಕು, ಅದರ ಮೇಲೆ ಸೆಟ್ಟಿಗಿಷ್ಟೆಂದು ರಾಜಧನ ಕೊಡಬೇಕು. ಕಂಪನಿಯ ಖಜಾಂಚಿ ಜೋಸಾಯಾ ಬೇಕನ್ ಊರೂರು ತಿರುಗಿ, ಕೊಡದವರ ಮೇಲೆ ದಾವೆ ಹೂಡಿದ. ಇದೆಲ್ಲ ಹಿಂದೆಯೇ ಇದ್ದ ವಿದ್ಯೆ ಎಂದು ವೈದ್ಯರು ವಾದಿಸಿದರು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಒಪ್ಪದೆ ಪೇಟೆಂಟನ್ನು ಎತ್ತಿಹಿಡಿಯಿತು. ಸ್ಯಾಮ್ಯುಯಲ್ ಚಾಲ್ಫಂಟ್ ಎಂಬಾತ ದಾವೆಗೆ ಹೆದರಿ ಪೂರ್ವದ ಡೆಲವೇರಿನಿಂದ ಪಶ್ಚಿಮದ ಸ್ಯಾನ್ ಫ್ರಾನ್ಸಿಸ್ಕೊವರೆಗೆ ಓಡಿದ. ಬೇಕನ್ ಅಲ್ಲಿಗೂ ಬಂದ. 1879ರ ಏಪ್ರಿಲ್ 13, ಈಸ್ಟರ್ ಭಾನುವಾರ; ಹೋಟೆಲಿನ ಕೋಣೆಯಲ್ಲಿ ಚಾಲ್ಫಂಟನ ಗುಂಡಿಗೆ ಬೇಕನ್ ಬಲಿಯಾದ. ಚಾಲ್ಫಂಟನಿಗೆ 10 ವರ್ಷ ಜೈಲು. ಪೇಟೆಂಟಿನ ಅವಧಿ 1881ರಲ್ಲಿ ತಾನಾಗಿಯೇ ಮುಗಿಯಿತು. ಇನ್ನೆರಡೇ ವರ್ಷ ತಾಳಿದ್ದರೆ, ಎಂದು ಅನ್ನಿಸದಿರದು.

ಇರಲಿ, ಹೀರುವ ಕೊಳವೆಗೆ ಬರೋಣ. ಕಾಲೇಜಿನ ರಸಾಯನಶಾಲೆಯಲ್ಲಿ ನಲ್ಲಿಗೆ ಸಿಕ್ಕಿಸಿದ ಪಂಪನ್ನು ಕಂಡವರಿಗೆ ಅದರ ಗುಟ್ಟು ಗೊತ್ತು: ನೀರು ಇಕ್ಕಟ್ಟಿನಲ್ಲಿ ರಭಸದಿಂದ ಹರಿದರೆ ಪಕ್ಕದ ಕೊಳವೆಯಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗಾಲದ ಎಂಜಲು ಕೊಳವೆಗಳು ನಡೆದದ್ದು ಹೀಗೆಯೇ. ಆಗ ಹಲ್ಲು ಕೊರೆಯುವ ಯಂತ್ರವನ್ನು ದರ್ಜಿಯ ಹೊಲಿಗೆಯಂತ್ರದಂತೆ ಕಾಲಿನಿಂದ ತುಳಿಯುತ್ತಿದ್ದರು. ಅಷ್ಟು ಹೀರಿದರೆ ಸಾಕಿತ್ತು. 1957ರಲ್ಲಿ ಬೋರ್ಡನ್ ಎಂಬುವರ ‘ಏರೋಟರ್’ ಬಂದು ನಿಮಿಷಕ್ಕೆ 2,50,000 ಸುತ್ತಿಗೂ ಮಿಕ್ಕಿ ತಿರುಗತೊಡಗಿತು. ಆ ಬಿಸಿಗೆ ಹಲ್ಲು ಬೇಯದಿರಲು ನೀರು ಸಿಂಪಡಿಸಬೇಕು; ಸಿಂಪಡಿಸಿದ್ದನ್ನು ಹೀರಲು ಭಾರಿ ಸೆಳೆತದ ಪಂಪು ಬೇಕು. ಬೆಂಗಳೂರಿನಲ್ಲಿ ಸರ್ಕಾರಿ ದಂತವೈದ್ಯ ಕಾಲೇಜು ಆರಂಭವಾದದ್ದು ಮಾರನೆಯ ವರ್ಷ, 1958ರಲ್ಲಿ. ನಮ್ಮವರು ಹಲ್ಲಿನ ವಿದ್ಯೆ ಕಲಿಯಲು ಕುಳಿತದ್ದೇ ಈ ತಿರುವಿನಲ್ಲಿ.

ಹೀಗೆ ಆನಿಕೆ, ಮರೆ, ಕೊಳವೆ ಎಲ್ಲವೂ ಹಳೆಯವು. ಜೋಡಿಸಿದ್ದು ಹೊಸದೇ ಎಂಬುದು ಉಳಿದ ಪ್ರಶ್ನೆ. ನಮ್ಮ ಸುಪ್ರೀಂ ಕೋರ್ಟು 1978ರಲ್ಲಿ ಇದನ್ನು ಚರ್ಚಿಸಿತು. ಅಲ್ಲಿ ಬಂದದ್ದು ಹಲ್ಲಲ್ಲ, ಮಿರ್ಜಾಪುರದ ಪಾತ್ರೆಗಳು. ಲೇತಿನ ಮೇಲೆ ಪಾತ್ರೆಯನ್ನು ಹಿಡಿದಿಡುವ ಒಂದು ಉಪಾಯಕ್ಕೆ ಪೇಟೆಂಟು ಪಡೆದಿದ್ದರು. ನುರಿತ ಕೆಲಸಗಾರ ತನ್ನ ಕಾರ್ಖಾನೆಯಲ್ಲಿ ಸಹಜವಾಗಿ ಮಾಡಿಕೊಳ್ಳುವ ಸುಧಾರಣೆ ಶೋಧವಲ್ಲ ಎಂದು ಕೋರ್ಟು ಅದನ್ನು ತಳ್ಳಿಹಾಕಿತು. ನನಗೆ ಇದು ಬಹಳ ನ್ಯಾಯವಾಗಿ ಕಾಣುತ್ತದೆ.

ಆದರೆ ಹುಡುಕುವವನ ಕಷ್ಟ ಬೇರೆ. 2013ರವರೆಗೆ ಅಮೆರಿಕದ ಕಾನೂನಿನಲ್ಲಿ ಒಂದು ವಿಚಿತ್ರವಿತ್ತು. ಹೊರದೇಶದಲ್ಲಿ ಒಂದು ವಿದ್ಯೆ ಎಷ್ಟೇ ಜನರಿಗೆ ಗೊತ್ತಿರಲಿ, ಅದು ಅಚ್ಚಾಗಿರದಿದ್ದರೆ, ಪೇಟೆಂಟಾಗಿಯೂ ಇರದಿದ್ದರೆ ಪೂರ್ವವಿದ್ಯೆ ಎನಿಸುತ್ತಿರಲಿಲ್ಲ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಲ್ಲಿ ಪೇಟೆಂಟು ಸಿಕ್ಕಿದ್ದು ಈ ದೆಸೆಯಿಂದ. ನಮ್ಮ ಅಜ್ಜಿಯರ ಸಾಕ್ಷಿ ನಡೆಯುವಂತಿರಲಿಲ್ಲ. ನಮ್ಮ ಸಿ.ಎಸ್.ಐ.ಆರ್. ಸಂಸ್ಥೆ 32 ಬರೆಹಗಳನ್ನು ಮುಂದಿಟ್ಟಿತು. ಅವುಗಳಲ್ಲಿ 1953ರ ಒಂದು ವೈದ್ಯಕೀಯ ಪತ್ರಿಕೆಯ ಲೇಖನವೂ ಇತ್ತು. 1997ರಲ್ಲಿ ಪೇಟೆಂಟು ರದ್ದಾಯಿತು. ಯೂರೋಪಿನ ರೀತಿ ಬೇರೆ. ಗಿಡಗಳ ಬೂಷ್ಟಿಗೆ ಬೇವಿನೆಣ್ಣೆ ಬಳಸುವುದಕ್ಕೆ ಗ್ರೇಸ್ ಕಂಪನಿಯೂ ಅಮೆರಿಕದ ಕೃಷಿ ಇಲಾಖೆಯೂ ಪಡೆದಿದ್ದ ಪೇಟೆಂಟನ್ನು ಅಲ್ಲಿ ಪ್ರಶ್ನಿಸಿದಾಗ, ನಾವು ಇದನ್ನು ಮೊದಲೇ ಮಾಡಿದ್ದೆವು ಎಂಬ ಭಾರತದ ಒಬ್ಬ ಉದ್ಯಮಿಯ ಸಾಕ್ಷ್ಯಕ್ಕೆ ಬೆಲೆ ಬಂತು. 2000ದಲ್ಲಿ ರದ್ದಾದ ಅದರ ಮೇಲ್ಮನವಿಯೂ 2005ರಲ್ಲಿ ಬಿತ್ತು. ಇದೇ ಗ್ರೇಸ್ ಕಂಪನಿ ತೊಂಬತ್ತರ ದಶಕದಲ್ಲಿ ಬೇವಿನ ಬೀಜ ಸಂಸ್ಕರಿಸಲು ಕೈಜೋಡಿಸಿದ್ದು ನಮ್ಮ ತುಮಕೂರಿನ ಒಂದು ಕಾರ್ಖಾನೆಯೊಡನೆ. ಬೇವಿನ ಕಡ್ಡಿಯಿಂದ ಹಲ್ಲುಜ್ಜಿ ಬೆಳೆದ ರೈತರು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರೊಡನೆ ಬೆಂಗಳೂರಿನಲ್ಲಿ ಬೀದಿಗಿಳಿದು, ಬೀಜದ ಮೇಲೆ ಪೇಟೆಂಟು ಬೇಡವೆಂದು ಕೂಗಿದ್ದೂ ಆ ವರ್ಷಗಳಲ್ಲೇ.

ಆ ತುಮಕೂರು ರಸ್ತೆಯಲ್ಲಿಯೇ ಬೆಂಗಳೂರಿನ ಅಂಚಿಗೆ ಪೀಣ್ಯ ಇರುವುದು. ಅಲ್ಲಿಯ ಕಿರಿದಾದ ಶೆಡ್ಡುಗಳಲ್ಲಿ, ಲೇತು ಮಿಲ್ಲಿಂಗ್ ಯಂತ್ರಗಳ ನಡುವೆ, ಪರದೇಶದ ಸಲಕರಣೆ ಕೆಟ್ಟಾಗ ಅದರ ಬಿಡಿಭಾಗವನ್ನು ನೋಡಿದಂತೆಯೇ ಮಾಡಿಕೊಡುವವರು, ಕೆಲವು ಸಲ ಮೂಲಕ್ಕಿಂತ ಚೆನ್ನಾಗಿ ತಿದ್ದಿಕೊಡುವವರು ಇದ್ದಾರೆ. ನಾನು ಅಂಥ ಒಂದೆರಡು ಶೆಡ್ಡುಗಳಿಗೆ ಹೋಗಿ, ನಕ್ಷೆ ಏನಾದರೂ ಇಟ್ಟಿದ್ದೀರಾ ಎಂದು ಕೇಳಿದ್ದುಂಟು. “ಸ್ಯಾಂಪಲ್ ತಂದುಕೊಡ್ತಾರೆ ಸಾರ್, ಅದನ್ನ ನೋಡ್ಕೊಂಡು ಮಾಡ್ತೀವಿ. ಕೆಲಸ ಆದ್ಮೇಲೆ ಸ್ಯಾಂಪಲ್ಲೂ ಅವರೇ ತಗೊಂಡು ಹೋಗ್ತಾರೆ” ಎಂದು ಒಬ್ಬರು ಹೇಳಿದರು. ನಮ್ಮ ಪೇಟೆಂಟ್ ಕಾಯಿದೆಗೆ 2002ರಲ್ಲಿ ತಂದ ತಿದ್ದುಪಡಿ, ಸ್ಥಳೀಯ ಸಮುದಾಯಗಳಲ್ಲಿ ಬಾಯಿಮಾತಿನಲ್ಲಿರುವ ತಿಳಿವನ್ನೂ ಪೂರ್ವವಿದ್ಯೆಯೆಂದು ಒಪ್ಪುತ್ತದೆ. ಶೆಡ್ಡಿನ ಗೆಳೆಯರಿಗೆ ಇದನ್ನು ವಿವರಿಸಿದೆ. ಅವರು ಬಿಲ್ಲು ಪುಸ್ತಕ ತೆಗೆದು ತೋರಿಸಿದರು. ತಾರೀಖು ಸರಿಯಾಗಿಯೇ ಇತ್ತು. ಮುಂದೆ ಬರೆದದ್ದು ಇಷ್ಟು: ಪಂಪಿನ ಪಾರ್ಟು, 2. ಇಂಥ ಪುಸ್ತಕಗಳನ್ನು ಕೆಲವು ವರ್ಷ ಇಟ್ಟುಕೊಂಡು ಆಮೇಲೆ ರದ್ದಿಗೆ ಹಾಕುತ್ತಾರಂತೆ.