ಕೈಪಂಪಿನಿಂದ ಎದೆಹಾಲು ತೆಗೆಯುವ ಹಾಗೂ ಶೇಖರಿಸುವ ವಿಧಾನ: ಕೆಲಸಕ್ಕೆ ಮರಳುವ ತಾಯಂದಿರ ಮಾಹಿತಿಗಾಗಿ

ಮಗು ಜನಿಸಿದ ಮೊದಲ ಆರು ತಿಂಗಳ ಅವಧಿಯಲ್ಲಿ ತಾಯಿಯ ಹಾಲನ್ನು ಮಾತ್ರವೇ ನೀಡತಕ್ಕದ್ದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಹಾಗೂ ಭಾರತ ಸರ್ಕಾರದ ಸಲಹೆಯಾಗಿರುತ್ತದೆ. ಆದರೆ ಉದ್ಯೋಗಸ್ಥ ತಾಯಂದಿರ ರಜೆಯ ಲೆಕ್ಕವು ಎಲ್ಲ ಸಂದರ್ಭಗಳಲ್ಲಿಯೂ ಈ ಆರು ತಿಂಗಳಿಗೆ ತಾಳೆಯಾಗುವುದಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಮಾಡಲಾದ ತಿದ್ದುಪಡಿಯಂತೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆಯನ್ನು ನಿಗದಿಪಡಿಸಲಾಯಿತು. ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿಯೂ ಇದನ್ನೇ ಮುಂದುವರಿಸಲಾಗಿದೆ. ಇದರಲ್ಲಿ 8 ವಾರಗಳನ್ನು ಹೆರಿಗೆಗೆ ಮುಂಚಿತವಾಗಿಯೇ ಪಡೆದಲ್ಲಿ ಹೆರಿಗೆಯ ನಂತರ ಉಳಿಯುವುದು 18 ವಾರಗಳು ಮಾತ್ರ. ಈಗಾಗಲೇ ಇಬ್ಬರು ಮಕ್ಕಳಿರುವ ತಾಯಿಗೆ ಒಟ್ಟು ರಜೆಯೇ 12 ವಾರಗಳು. ಅಸಂಘಟಿತ ವಲಯದಲ್ಲಿ ದುಡಿಯುವ ಹಲವು ತಾಯಂದಿರು ಇದಕ್ಕೂ ಮುಂಚೆಯೇ ಕೆಲಸಕ್ಕೆ ಹೋಗಬೇಕಾದ ಪರಿಸ್ಥಿತಿ ಇರುತ್ತದೆ.

ಹೀಗೆ ಉಂಟಾಗುವ ಎಂಟು ವಾರ ಅಥವಾ ಅದಕ್ಕೂ ಹೆಚ್ಚಿನ ಕೊರತೆಯನ್ನು ಡಬ್ಬಿಹಾಲಿನ ಪುಡಿಯಿಂದಲೋ ಹಸುವಿನ ಹಾಲಿನಿಂದಲೋ ತುಂಬಿಸುವುದು ಅನಿವಾರ್ಯವೇನಲ್ಲ. ವಿದ್ಯುತ್ತಿನ ಅಗತ್ಯವಿಲ್ಲದ ಕೈಪಂಪಿನ ಸಹಾಯದಿಂದ ತಾಯಿಯು ತನ್ನ ಹಾಲನ್ನು ತೆಗೆದಿರಿಸಿ, ತಾನು ಮನೆಯಲ್ಲಿಲ್ಲದ ವೇಳೆಯಲ್ಲಿಯೂ ಮಗುವಿಗೆ ದೊರಕುವಂತೆ ಮಾಡಬಹುದಾಗಿದೆ.

ಪಂಪಿನ ಆಯ್ಕೆ

ಕೈಪಂಪಿನಲ್ಲಿ ಸಾಮಾನ್ಯವಾಗಿ ಎದೆಗೆ ಇಡುವ ಆಲಿಕೆ, ಗಾಳಿಯನ್ನು ಎಳೆಯುವ ಹಿಡಿಕೆ, ಹಾಲು ಹಿಂದಿರುಗದಂತೆ ತಡೆಯುವ ಚಿಕ್ಕ ವಾಲ್ವ್ ಮತ್ತು ಹಾಲು ಬೀಳುವ ಬಾಟಲಿ ಇರುತ್ತವೆ. ಔಷಧಿ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ದೊರೆಯುವ, ರಬ್ಬರಿನ ಬುರುಡೆಯನ್ನು ಒತ್ತಿ ಬಿಡುವ ಹಳೆಯ ಮಾದರಿಯ ಪಂಪನ್ನು ಬಳಸಬಾರದು. ಅದರ ಎಳೆತವನ್ನು ಹತೋಟಿಯಲ್ಲಿಡಲು ಬಾರದಿರುವುದರಿಂದ ತೊಟ್ಟಿಗೆ ಗಾಯವಾಗುವ ಸಂಭವವಿರುತ್ತದೆ. ಅಲ್ಲದೆ ಬುರುಡೆಯೊಳಗೆ ಸೇರಿದ ಹಾಲನ್ನು ಪೂರ್ಣವಾಗಿ ತೊಳೆಯಲು ಸಾಧ್ಯವಿಲ್ಲ.

ಆಲಿಕೆಯ ಅಳತೆಯನ್ನು ಅಂಗಡಿಯವರು ಕೊಟ್ಟಂತೆ ಒಪ್ಪಿಕೊಳ್ಳದೆ ಪರೀಕ್ಷಿಸತಕ್ಕದ್ದು. ಆಲಿಕೆಯ ಕೊಳವೆಯು ತೊಟ್ಟಿಗಿಂತ ಸ್ವಲ್ಪ ಅಗಲವಾಗಿದ್ದು, ಎಳೆದಾಗ ತೊಟ್ಟು ಅಂಚಿಗೆ ಉಜ್ಜದೆ ಸರಾಗವಾಗಿ ಚಲಿಸಬೇಕು. ಒಬ್ಬರು ಬಳಸಿದ ಪಂಪನ್ನು ಮತ್ತೊಬ್ಬರು ಬಳಸಬಾರದು, ಅವರು ಅಕ್ಕತಂಗಿಯರೇ ಆಗಿದ್ದರೂ ಸಹ.

ಹೆರಿಗೆಯಾದ ಮೊದಲ ಎರಡು ಮೂರು ದಿನಗಳ ಗಿಣ್ಣುಹಾಲು ಮಂದವಾಗಿದ್ದು ಕೆಲವೇ ಮಿಲಿಲೀಟರುಗಳಷ್ಟು ಬರುವುದರಿಂದ ಪಂಪಿನ ಗೋಡೆಗೇ ಅಂಟಿ ಹೋಗುತ್ತದೆ. ಆ ದಿನಗಳಲ್ಲಿ ಹಾಲು ತೆಗೆಯಬೇಕಾಗಿ ಬಂದಲ್ಲಿ ಕೈಯಿಂದ ಹಿಂಡುವುದೇ ಸೂಕ್ತ.

ಬಳಸುವ ವಿಧಾನ

ಮೊದಲಿಗೆ ಕೈಗಳನ್ನು ಸಾಬೂನಿನಿಂದ ತೊಳೆದುಕೊಂಡು, ಬೆನ್ನಿಗೆ ಆಸರೆ ಇರುವಂತೆ ಕುಳಿತುಕೊಳ್ಳಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಒಂದೆರಡು ನಿಮಿಷ ಎದೆಯ ಮೇಲಿಟ್ಟು, ಬೆರಳುಗಳಿಂದ ಹಗುರವಾಗಿ ಸವರಬೇಕು; ಒತ್ತಿ ತಿಕ್ಕಬಾರದು. ಮಗು ಹತ್ತಿರದಲ್ಲಿದ್ದರೆ ಅಥವಾ ಮಗುವಿನ ಬಟ್ಟೆ ಕೈಯಲ್ಲಿದ್ದರೆ ಹಾಲು ಬೇಗನೆ ಇಳಿಯುತ್ತದೆ. ಇದು ಕೇವಲ ಭಾವನೆಯ ಮಾತಲ್ಲ. ಹಾಲನ್ನು ಹೊರದೂಡುವ ಆಕ್ಸಿಟೋಸಿನ್ ಎಂಬ ರಸದೂತವು ಮಗುವಿನ ನೆನಪಿನಿಂದಲೂ ಸ್ರವಿಸುತ್ತದೆ. ಆತಂಕ, ನೋವು, ಅವಸರಗಳು ಅದನ್ನು ತಡೆಯುತ್ತವೆ.

ತೊಟ್ಟು ಕೊಳವೆಯ ಮಧ್ಯಕ್ಕೆ ಬರುವಂತೆ ಆಲಿಕೆಯನ್ನು ಇರಿಸಿ, ಗಾಳಿ ಸೋರದಷ್ಟು ಮಾತ್ರ ಒತ್ತಿ ಹಿಡಿಯಬೇಕು. ಆರಂಭದಲ್ಲಿ ಹಿಡಿಕೆಯನ್ನು ಹಗುರವಾಗಿ, ವೇಗವಾಗಿ, ಚಿಕ್ಕದಾಗಿ ಒತ್ತುತ್ತಿರಬೇಕು. ಮಗು ಮೊದಲು ಚೀಪುವುದು ಹೀಗೆಯೇ. ಒಂದೆರಡು ನಿಮಿಷಗಳಲ್ಲಿ ಹಾಲು ಹನಿಯಾಗಿ ನಂತರ ಧಾರೆಯಾಗಿ ಬರತೊಡಗಿದ ಕೂಡಲೇ ನಿಧಾನವಾದ, ದೀರ್ಘವಾದ ಎಳೆತಕ್ಕೆ ಬದಲಾಯಿಸಬೇಕು. ಧಾರೆ ನಿಂತಾಗ ಇನ್ನೊಂದು ಬದಿಗೆ ಹೋಗಿ, ಮತ್ತೆ ಮೊದಲಿನ ಬದಿಗೆ ಬರಬಹುದು. ಪ್ರತಿ ಬದಿಗೆ 10ರಿಂದ 15 ನಿಮಿಷಗಳು ಸಾಕಾಗುತ್ತವೆ. ತೆಗೆಯುವಾಗ ಆಲಿಕೆಯನ್ನು ಕಿತ್ತೆಳೆಯದೆ, ಅಂಚಿನಲ್ಲಿ ಬೆರಳು ತೂರಿಸಿ ಗಾಳಿ ಬಿಡಿಸತಕ್ಕದ್ದು.

ಜೋರಾಗಿ ಎಳೆದರೆ ಹೆಚ್ಚು ಹಾಲು ಬರುತ್ತದೆಂಬುದು ತಪ್ಪು ತಿಳಿವಳಿಕೆ. ನೋವಾಗುತ್ತಿದ್ದರೆ ಎಳೆತ ಹೆಚ್ಚಾಗಿದೆ ಅಥವಾ ಆಲಿಕೆಯ ಅಳತೆ ಸರಿಯಿಲ್ಲ ಎಂದೇ ತಿಳಿಯಬೇಕು.

ಬಾಟಲಿಯಲ್ಲಿ ಕಂಡ ಅಳತೆ

ಮೊದಲ ದಿನ ಬಾಟಲಿಯ ತಳದಲ್ಲಿ 20 ಅಥವಾ 30 ಮಿ.ಲೀ. ಕಂಡೊಡನೆ “ನನಗೆ ಹಾಲು ಬತ್ತಿದೆ” ಎಂದು ತೀರ್ಮಾನಿಸಿ ಪಂಪನ್ನು ಬೀರುವಿಗೆ ಸೇರಿಸುವ ತಾಯಂದಿರು ಬಹಳ ಮಂದಿ. ಮನೆಯವರೂ ಇದಕ್ಕೆ ದನಿಗೂಡಿಸುವುದುಂಟು. ಪಂಪು ತೆಗೆದ ಹಾಲು ಎದೆಯಲ್ಲಿರುವ ಹಾಲಿನ ಅಳತೆಯಲ್ಲ. ಮಗು ಯಾವ ಪಂಪಿಗಿಂತಲೂ ಚೆನ್ನಾಗಿ ಹಾಲು ಎಳೆಯುತ್ತದೆ. ಅದೂ ಮಗು ಕುಡಿದ ಮೇಲೆ ತೆಗೆದ ಹಾಲಾದರೆ 15ರಿಂದ 60 ಮಿ.ಲೀ. ಬರುವುದು ಸಹಜವೇ ಆಗಿರುತ್ತದೆ. ಮಗುವಿಗೆ ಹಾಲು ಸಾಲುತ್ತಿದೆಯೇ ಎಂಬುದನ್ನು ದಿನಕ್ಕೆ ಆರು ಅಥವಾ ಹೆಚ್ಚು ಬಾರಿ ಮೂತ್ರವಿಸರ್ಜನೆ ಮತ್ತು ತಾಯಿ ಕಾರ್ಡಿನಲ್ಲಿ ನಮೂದಾಗುವ ತೂಕದಿಂದ ತಿಳಿಯಬೇಕೇ ಹೊರತು ಬಾಟಲಿಯಿಂದಲ್ಲ.

ಒಂದರಿಂದ ಆರು ತಿಂಗಳ ಮಗು ದಿನಕ್ಕೆ ಸರಾಸರಿ 750 ಮಿ.ಲೀ. ಆಸುಪಾಸಿನಲ್ಲಿ ಹಾಲು ಕುಡಿಯುತ್ತದೆ. ಎಂಟರಿಂದ ಹತ್ತು ಬಾರಿ ಕುಡಿಯುವುದೆಂದು ಲೆಕ್ಕ ಹಾಕಿದರೆ ಬಾರಿಗೆ 75ರಿಂದ 95 ಮಿ.ಲೀ. ಆಗುತ್ತದೆ. ತಾಯಿ ಒಂಬತ್ತು ಗಂಟೆ ಹೊರಗಿದ್ದಲ್ಲಿ ಮೂರರಿಂದ ನಾಲ್ಕು ಬಾರಿಯ ಹಾಲು, ಎಂದರೆ ಸುಮಾರು 300 ಮಿ.ಲೀ. ಬೇಕಾಗಬಹುದು. ಇದನ್ನು ಒಂದೇ ದಿನದಲ್ಲಿ ಕೂಡಿಡಲಾಗದು. ಆದ್ದರಿಂದ ಕೆಲಸಕ್ಕೆ ಮರಳುವ ಎರಡು ಮೂರು ವಾರ ಮೊದಲೇ, ಬೆಳಗಿನ ಹಾಲುಣಿಸಿದ ಒಂದು ಗಂಟೆಯ ನಂತರ ದಿನಕ್ಕೊಮ್ಮೆ ಅಭ್ಯಾಸ ಆರಂಭಿಸುವುದು ಒಳಿತು. ಎದೆಯಿಂದ ಹಾಲು ಹೊರಹೋದಷ್ಟೂ ಉತ್ಪತ್ತಿಯಾಗುತ್ತದೆ; ತೆಗೆಯದೆ ಬಿಟ್ಟಷ್ಟೂ ಕಡಿಮೆಯಾಗುತ್ತದೆ. ಅಂದಮಾತ್ರಕ್ಕೆ ಅಗತ್ಯ ಮೀರಿ ಪದೇ ಪದೇ ತೆಗೆಯುವುದೂ ಸಲ್ಲದು. ಅದರಿಂದ ಹಾಲು ಅತಿಯಾಗಿ ಎದೆ ಊದಿಕೊಳ್ಳುವ ತೊಂದರೆ ಉಂಟಾಗುತ್ತದೆ.

ಶೇಖರಣೆ ಹಾಗೂ ಕುಡಿಸುವುದು

ತೆಗೆದ ಹಾಲನ್ನು ಕುದಿಸಿ ತೊಳೆದ, ಮುಚ್ಚಳವಿರುವ ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಒಂದು ಬಾರಿಗೆ ಬೇಕಾಗುವಷ್ಟನ್ನೇ ತುಂಬಿ, ದಿನಾಂಕ ಮತ್ತು ಸಮಯವನ್ನು ಬರೆದು ಅಂಟಿಸಬೇಕು. 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೊಠಡಿಯಲ್ಲಿ ಈ ಹಾಲು 4 ಗಂಟೆಗಳವರೆಗೆ ಇರುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಕೂಡಲೇ ತಂಪಿನಲ್ಲಿಡುವುದು ಅಗತ್ಯ. ಫ್ರಿಜ್ಜಿನ ಒಳಭಾಗದಲ್ಲಿ, ಬಾಗಿಲಿನಲ್ಲಿ ಅಲ್ಲ, 4 ದಿನಗಳವರೆಗೆ ಇಡಬಹುದು. ವಿದ್ಯುತ್ ಕಡಿತವಿರುವ ಊರುಗಳಲ್ಲಿ 24 ಗಂಟೆಯೊಳಗೆ ಬಳಸುವುದೇ ಕ್ಷೇಮ. ಕೆಲಸದ ಸ್ಥಳದಿಂದ ತರುವಾಗ ಗಟ್ಟಿಯಾಗಿ ಹೆಪ್ಪುಗಟ್ಟಿದ ಐಸ್ ಪ್ಯಾಕುಗಳಿರುವ ತಂಪುಚೀಲವನ್ನು ಬಳಸಬೇಕು.

ಇಟ್ಟ ಹಾಲಿನ ಮೇಲೆ ಕೆನೆ ಕಟ್ಟಿ, ಕೆಳಗೆ ನೀರಿನಂತೆ ಕಾಣುವುದು ಸಹಜ. ಕೆಟ್ಟಿದೆಯೆಂದು ಚೆಲ್ಲದಂತೆ ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ ಮೊದಲೇ ತಿಳಿಸಿರಬೇಕು. ಮೆಲ್ಲಗೆ ಆಡಿಸಿದರೆ ಕೆನೆ ಬೆರೆತುಕೊಳ್ಳುತ್ತದೆ. ಹಾಲನ್ನು ಒಲೆಯ ಮೇಲೆ ಕಾಯಿಸಬಾರದು, ಮೈಕ್ರೋವೇವ್‌ನಲ್ಲಿಯೂ ಇಡಬಾರದು. ಬಿಸಿನೀರಿನ ಬಟ್ಟಲಿನಲ್ಲಿ ಪಾತ್ರೆಯನ್ನಿರಿಸಿದರೆ ಸಾಕು. ಮಗು ಕುಡಿದು ಉಳಿಸಿದ್ದನ್ನು 2 ಗಂಟೆಯ ನಂತರ ಬಳಸಬಾರದು.

ಕುಡಿಸಲು ಒಳಲೆ, ಚಿಕ್ಕ ಲೋಟ ಅಥವಾ ಚಮಚವನ್ನು ಬಳಸತಕ್ಕದ್ದು. ಪಂಪಿನೊಂದಿಗೆ ನಿಪ್ಪಲ್ ಬಂದಿದ್ದರೂ ಅದನ್ನು ಬದಿಗಿರಿಸುವುದು ಸೂಕ್ತ. ಹಾಲುಣಿಸುವ ಬಾಟಲಿಗಳ ಜಾಹೀರಾತನ್ನು 1992ರ ಕೇಂದ್ರ ಕಾಯ್ದೆಯಿಂದ ನಿಷೇಧಿಸಿರುವುದು ಸುಮ್ಮನೆ ಅಲ್ಲ. ಸರಿಯಾಗಿ ತೊಳೆಯದ ಬಾಟಲಿಯಿಂದ ಬರುವ ಭೇದಿಯು ಹಸುಳೆಗಳ ಪ್ರಾಣಕ್ಕೆ ಅಪಾಯಕಾರಿ.

ಇದೇ ಕಾರಣಕ್ಕೆ ಪಂಪಿನ ಭಾಗಗಳನ್ನೂ ಪ್ರತಿ ಬಾರಿ ಬಿಚ್ಚಿ, ತಣ್ಣೀರಿನಲ್ಲಿ ಜಾಲಿಸಿ, ಪ್ರತ್ಯೇಕ ಪಾತ್ರೆಯಲ್ಲಿ ಬಿಸಿನೀರು ಮತ್ತು ಸಾಬೂನಿನಿಂದ ತೊಳೆಯಬೇಕು. ದಿನಕ್ಕೊಮ್ಮೆ, ತಯಾರಕರು ಸೂಚಿಸಿರುವ ಭಾಗಗಳನ್ನು 5 ನಿಮಿಷ ಕುದಿಸಬೇಕು. ಸೆರಗಿನಿಂದ ಒರೆಸದೆ ಗಾಳಿಗೆ ಒಣಗಲು ಬಿಡಬೇಕು.

ಕೆಲಸದ ಸ್ಥಳದಲ್ಲಿ

ಮಗುವಿಗೆ 15 ತಿಂಗಳು ತುಂಬುವವರೆಗೆ, ವಿಶ್ರಾಂತಿಯ ವೇಳೆಯಲ್ಲದೆ ಹೆಚ್ಚುವರಿಯಾಗಿ, ದಿನಕ್ಕೆ ಎರಡು ಹಾಲುಣಿಸುವ ವಿರಾಮಗಳಿಗೆ ತಾಯಿಯು ಅರ್ಹಳಾಗಿರುತ್ತಾಳೆ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರದ ಸೌಲಭ್ಯವಿರಬೇಕಾಗಿದ್ದು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಭೇಟಿಗೆ ಅವಕಾಶ ನೀಡಬೇಕಾಗಿರುತ್ತದೆ. ವಿರಾಮವನ್ನು ಕೋರುವ ಅರ್ಜಿಯನ್ನು ಮೌಖಿಕವಾಗಿ ಸಲ್ಲಿಸದೆ, ಮಗುವಿನ ಜನನ ದಿನಾಂಕ, ಅಪೇಕ್ಷಿಸುವ ಎರಡು ವೇಳೆಗಳು ಮತ್ತು ಬಾಗಿಲು ಹಾಕಬಹುದಾದ ಒಂದು ಸ್ಥಳದ ಕೋರಿಕೆ, ಇಷ್ಟನ್ನು ನಮೂದಿಸಿ ಲಿಖಿತವಾಗಿ ನೀಡಿ, ಸ್ವೀಕೃತಿ ಪಡೆದುಕೊಳ್ಳಬೇಕು. ಶೌಚಾಲಯದಲ್ಲಿ ಹಾಲು ತೆಗೆಯುವಂತೆ ಸೂಚಿಸಿದಲ್ಲಿ ಒಪ್ಪುವ ಅಗತ್ಯವಿಲ್ಲ. ಅಲ್ಲಿ ಕುಳಿತು ಯಾರೂ ಊಟ ಮಾಡುವುದಿಲ್ಲ.

ವೈದ್ಯರನ್ನು ಕಾಣಬೇಕಾದ ಸಂದರ್ಭ

ಎದೆಯ ಒಂದು ಭಾಗ ಕೆಂಪಾಗಿ, ಗಟ್ಟಿಯಾಗಿ, ಜ್ವರ ಬಂದಲ್ಲಿ ತಡಮಾಡದೆ ವೈದ್ಯರನ್ನು ಕಾಣಬೇಕು. ಆಗ ಹಾಲುಣಿಸುವುದನ್ನು ನಿಲ್ಲಿಸಬೇಕಾಗಿಲ್ಲ. ಆದರೆ “ಪೂರ್ತಿ ಖಾಲಿ” ಮಾಡಲೆಂದು ಪಂಪನ್ನು ಹೆಚ್ಚು ಬಾರಿ ಬಳಸಿದರೆ ಬಾವು ಉಲ್ಬಣಿಸುತ್ತದೆ.

ಅವಧಿಗೆ ಮುನ್ನ ಜನಿಸಿ ವಿಶೇಷ ನಿಗಾ ಘಟಕದಲ್ಲಿರುವ ಶಿಶುವಿನ ತಾಯಿಯ ವಿಷಯ ಬೇರೆಯೇ ಆಗಿರುತ್ತದೆ. ಆಕೆ ಹೆರಿಗೆಯಾದ ಮೊದಲ ಕೆಲವು ಗಂಟೆಗಳಲ್ಲಿಯೇ ಆರಂಭಿಸಿ, ರಾತ್ರಿಯೂ ಸೇರಿದಂತೆ ದಿನಕ್ಕೆ 8ರಿಂದ 12 ಬಾರಿ ಹಾಲು ತೆಗೆಯಬೇಕಾಗುತ್ತದೆ. ವಿಧಾನವನ್ನು ಘಟಕದ ಶುಶ್ರೂಷಕಿಯರಿಂದ ಕಲಿಯತಕ್ಕದ್ದು. ಉಳಿದ ತಾಯಂದಿರು ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು. ಹೋಗುವಾಗ ಪಂಪು ಹಾಗೂ ತಾಯಿ ಕಾರ್ಡನ್ನು ಜೊತೆಯಲ್ಲಿ ಕೊಂಡೊಯ್ಯಲು ಕೋರಲಾಗಿದೆ.