ದೊಡ್ಡ ಸ್ವಾಮಿಯವರು ಒಲ್ಲದ ತೇರು

ನಮ್ಮ ಬದನವಾಳಿನ ಕಡೆಯವರಿಗೆ ತೇರೆಂದರೆ ನಂಜನಗೂಡಿನ ದೊಡ್ಡ ಜಾತ್ರೆ. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ, ಹೀಗೆ ಐದು ರಥಗಳು. ಹಗ್ಗಕ್ಕೆ ಕೈಹಚ್ಚುವ ಜನಸಾಗರ. ಮೇಲೆ ತೂರಿಬರುವ ಹಣ್ಣು ಜವನ. ಇದನ್ನು ನೋಡುತ್ತ ಬೆಳೆದ ನನಗೆ, ಮೈಸೂರು ಸೀಮೆಯ ಕ್ರೈಸ್ತರ ಚರಿತ್ರೆ ಓದುವಾಗ ಮೊದಲು ಮನಸ್ಸಿಗೆ ನಾಟಿದ್ದೂ ಒಂದು ತೇರೇ. ಅದನ್ನು ಬಣ್ಣಿಸಿದವರು ಫ್ರಾನ್ಸಿನ ಪಾದ್ರಿ ಅಬ್ಬೆ ದುಬುವಾ.

ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯಿಂದ 1792ರಲ್ಲಿ ಹೊರಟ ಈ ತರುಣ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚೆದುರಿಹೋಗಿದ್ದ ಇಲ್ಲಿನ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದರು. ನಿಲುವಂಗಿ ತೊಟ್ಟು, ರುಮಾಲು ಸುತ್ತಿ, ಊರವರ ಊಟ ಉಂಡರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಕ್ರೈಸ್ತ ರೈತರ ನೆಲೆ ಕಟ್ಟಿದರು. ಸಿಡುಬಿನ ಲಸಿಕೆ ಇಂಡಿಯಾಕ್ಕೆ ಕಾಲಿಟ್ಟ ಹೊಸತರಲ್ಲೇ, 1803–04ರ ಸುಮಾರಿಗೆ, ಮೈಸೂರು ಸೀಮೆಯ 25,000ಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಿಸಿದರು. ಗಂಜಾಂನಲ್ಲಿ ಅವರ ಹೆಸರಿನ ಚರ್ಚು ಈಗಲೂ ಇದೆ.

ಇಷ್ಟೆಲ್ಲ ಮಾಡಿದವರಿಗೆ ತಮ್ಮವರ ಹಬ್ಬ ಮಾತ್ರ ಹಿಡಿಸಲಿಲ್ಲ. 1823ರಲ್ಲಿ ಅಚ್ಚಾದ ಪತ್ರಗಳಲ್ಲಿ ಅವರು ಅದನ್ನು ಬಿಡಿಬಿಡಿಯಾಗಿ ಬರೆದಿದ್ದಾರೆ: ರಾತ್ರಿಯ ಹೊತ್ತು, ಎಣಿಸಲಾರದಷ್ಟು ಪಂಜು, ತಮಟೆ, ಕಹಳೆ, ಬಾಣಬಿರುಸು. ಸಂತರ ಪ್ರತಿಮೆಗೆ ಹೂಹಾರ ಹೇರಿ ತೇರಿನಲ್ಲಿ ಕೂರಿಸಿ, ಕೂಗುತ್ತ ಎಳೆಯುವ ಜನ. ಸುತ್ತಲೂ ಕುಣಿತ, ಕೋಲಾಟ, ಕತ್ತಿವರಸೆ. ದೇಗುಲದ ಉತ್ಸವಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂಬ ಸಂಕಟ ಆ ಬರಹದ ತುಂಬ ಇದೆ. ಇಪ್ಪತ್ತೈದು ವರ್ಷದ ದುಡಿಮೆಯಲ್ಲಿ ತಾವು ಮತಕ್ಕೆ ಸೇರಿಸಿಕೊಂಡವರು ಇನ್ನೂರು ಮುನ್ನೂರರ ಒಳಗೆ ಎಂದು ಲೆಕ್ಕ ಕೊಟ್ಟು, ಈ ನಾಡಿನಲ್ಲಿ ಕ್ರೈಸ್ತಧರ್ಮಕ್ಕೆ ಮುಂದಿನ ದಿನಗಳೇ ಇಲ್ಲವೆಂದು ತೀರ್ಮಾನಿಸಿ, ಅದೇ ವರ್ಷ ಫ್ರಾನ್ಸಿಗೆ ಮರಳಿದರು. ಅಲ್ಲಿ ಕನ್ನಡ, ತೆಲುಗು, ತಮಿಳು ಪ್ರತಿಗಳನ್ನು ಮುಂದಿಟ್ಟುಕೊಂಡು ಪಂಚತಂತ್ರವನ್ನು ಫ್ರೆಂಚಿಗೆ ತಂದರು. ಅದು 1826ರಲ್ಲಿ ಹೊರಬಂತು. 1848ರಲ್ಲಿ ತೀರಿಕೊಂಡರು.

ಅವರು ಆಸೆ ಬಿಟ್ಟ ಆ ಧರ್ಮದ ಬಾಳು ಇಲ್ಲಿ ನಿಲ್ಲಲಿಲ್ಲ. ಕೆ.ಆರ್. ನಗರದ ಬಳಿಯ ಡೋರ್ನಹಳ್ಳಿಗೆ ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಹೋಗಿ ನೋಡಬೇಕು. ಉಳುವಾಗ ನೇಗಿಲಿಗೆ ಸಿಕ್ಕ ಮರದ ಬೊಂಬೆಯನ್ನು ರೈತನೊಬ್ಬ ಮಕ್ಕಳ ಆಟಕ್ಕೆ ಕೊಟ್ಟನಂತೆ. ಆ ಸಂತರು ಕನಸಿನಲ್ಲಿ ಬಂದು ಗುಡಿ ಕಟ್ಟು ಎಂದರಂತೆ. ನೆಲದಲ್ಲಿ ದೇವರು ಸಿಕ್ಕ ಇಂಥ ಕಥೆ ನಮ್ಮ ಎಷ್ಟು ಊರುಗಳಿಗಿಲ್ಲ! ಬಾವುಟ ಏರಿಸಿ, ಒಂಬತ್ತು ದಿನದ ನವೇನ ಪ್ರಾರ್ಥನೆ ಮುಗಿಸಿ, ಬಲಿಪೂಜೆಯಾದ ಮೇಲೆ ಹೂವು ದೀಪಗಳ ತೇರು ಹೊರಡುತ್ತದೆ. ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರಲ್ಲಿ ಹಿಂದೂಗಳೂ ಬಹಳ.

ತೇರಿನೊಂದಿಗೆ ಜಾತಿಯೂ ಚರ್ಚಿನೊಳಗೆ ಬಂತು. ದುಬುವಾ ಅದನ್ನೂ ಕಂಡಿದ್ದರು. ನಮ್ಮ ಊರುಗಳನ್ನು ಬಲ್ಲ ನಾನು ಈ ಮಾತನ್ನು ಮುಚ್ಚಿಡಲಾರೆ. ತೇರು ಉಳಿಯಬೇಕು, ಜಾತಿ ಅಳಿಯಬೇಕು. ಆದರೆ ಒಂದು ಜನ ತನ್ನ ದೇವರನ್ನು ತನ್ನ ತಮಟೆಯ ಸದ್ದಿನಲ್ಲೇ ಕರೆಯುವುದನ್ನು ಸೋಲೆಂದು ಎಣಿಸಿದ್ದು ಆ ದೊಡ್ಡ ಮನುಷ್ಯರ ಲೆಕ್ಕದ ಕೊರತೆ. ಪರದೇಶದಿಂದ ಬಂದ ನಂಬಿಕೆಯನ್ನು ಮೈಸೂರು ಸೀಮೆಯ ಬಡ ಒಕ್ಕಲುಗಳು ತಮ್ಮದಾಗಿಸಿಕೊಂಡದ್ದು ಆ ಹಬ್ಬಗಳ ಬೀದಿಯಲ್ಲೇ. ಪಾದ್ರಿಗಳು ಬಂದರು, ಹೋದರು. ಹಗ್ಗ ಹಿಡಿದವರು ಇಲ್ಲೇ ಉಳಿದರು. ಈ ಧರ್ಮದ ಕನ್ನಡ ಚರಿತ್ರೆಯನ್ನು ಅವರಿಂದಲೇ ಬರೆಯತೊಡಗಬೇಕು.